ಅಲ್ಯೂಮಿನಿಯಂ ಬೋಟಿಗೆ ಪೌಡರ್ ಕೋಟಿಂಗ್: ಮಾಡಿಸೋದಾ, ಬಿಡೋದಾ?

ಬೋಟಿಗೆ ಬಣ್ಣ ಯಾಕೆ ಬೇಕು? ಮೊದಲು ಇದನ್ನು ನಿಮಗೆ ನೀವೇ ಕೇಳಿಕೊಳ್ಳಿ. "ತುಕ್ಕು ಹಿಡೀಬಾರದು ಅಂತ" ಅನ್ನುವುದು ಉತ್ತರವಾದರೆ ಪೌಡರ್ ಕೋಟಿಂಗಿಗೆ, ಅಂದರೆ ಒಣ ಬಣ್ಣದ ಪುಡಿ ಹೊಡೆದು ಓವನ್‌ನಲ್ಲಿ ಬೇಯಿಸಿ ಕೂರಿಸುವುದಕ್ಕೆ, ದುಡ್ಡು ಸುರಿಯಬೇಡಿ. "ನೋಡೋಕೆ ಚೆನ್ನಾಗಿರಲಿ ಅಂತ" ಅನ್ನುವುದಾದರೆ ಮುಂದೆ ಮಾತಾಡಬಹುದು.

ನಾನು ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಲೈನ್ ನೋಡಿಕೊಳ್ಳುತ್ತಿದ್ದವನು. ಈಗ ಇರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಇಲ್ಲಿ ಎಲ್ಲಿ ನೋಡಿದರೂ ಕೆರೆ, ಕೆರೆ ಇದ್ದಲ್ಲಿ ಅಲ್ಯೂಮಿನಿಯಂ ಬೋಟು. ಬೋಟು ಮಾಡುವ ಲುಂಡ್ ಕಂಪನಿ 1948ರಲ್ಲಿ ಶುರುವಾದದ್ದೂ ಇದೇ ರಾಜ್ಯದ ನ್ಯೂಯಾರ್ಕ್ ಮಿಲ್ಸ್ ಅನ್ನುವ ಸಣ್ಣ ಊರಲ್ಲಿ. ಹಳೇ ಬೋಟು ಕೊಂಡ ನಮ್ಮ ಕಡೆಯವರು ಫೋನ್ ಮಾಡಿ, "ಸಾರ್, ಪೌಡರ್ ಕೋಟ್ ಮಾಡಿಸಿಬಿಡ್ಲಾ?" ಅಂತ ಕೇಳುತ್ತಾರೆ. ಪೌಡರ್‌ನಿಂದಲೇ ಹೊಟ್ಟೆ ಹೊರೆದವನು ಬೇಡ ಅಂದರೆ ಅವರಿಗೆ ಆಶ್ಚರ್ಯ.

ಬೋಟಿಗೆ ಬಳಸುವ ಅಲ್ಯೂಮಿನಿಯಂ ಸಾಮಾನ್ಯವಾಗಿ 5052, 5083, 5086 ಅನ್ನುವ ಜಾತಿಯದು. ಗಾಳಿ ತಾಗಿದ ಕೂಡಲೇ ಇದರ ಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟುತ್ತದೆ. ಗೀರು ಬಿದ್ದರೆ ಪದರ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಅದಕ್ಕೇ ಬಣ್ಣವೇ ಕಾಣದ ಬೋಟುಗಳು ಎಷ್ಟೋ ವರ್ಷ ನೀರಲ್ಲಿ ಆರಾಮಾಗಿ ಓಡಾಡಿಕೊಂಡಿವೆ. ಸಿಹಿನೀರಿನ ಕೆರೆ, ಸಂಜೆ ಟ್ರೇಲರ್ ಮೇಲೆ ಮನೆಗೆ ವಾಪಸ್ ಅನ್ನುವ ಬೋಟಿಗೆ ರಕ್ಷಣೆಗಾಗಿ ಏನೂ ಬಳಿಯಬೇಕಿಲ್ಲ.

ಉಪ್ಪುನೀರಿನ ಕಥೆಯೇ ಬೇರೆ. ಪೌಡರ್ ಪದರ ಅಖಂಡವಾಗಿ ಇರುವಷ್ಟು ದಿನ ಏನೂ ಆಗುವುದಿಲ್ಲ. ಆದರೆ ಬೋಟು ಮರಳಿಗೆ ಉಜ್ಜುತ್ತದೆ, ಟ್ರೇಲರ್‌ಗೆ ತಿಕ್ಕುತ್ತದೆ, ಕಟ್ಟೆಗೆ ಬಡಿಯುತ್ತದೆ. ಒಂದು ಕಡೆ ಗೀರು ಬಿತ್ತು ಅಂದುಕೊಳ್ಳಿ. ಉಪ್ಪುನೀರು ಅಲ್ಲಿಂದ ಒಳಗೆ ಇಳಿದು, ಪೌಡರ್ ಅಡಿಯಲ್ಲೇ ಗೆದ್ದಲು ಹಿಡಿದ ಹಾಗೆ ಗೆರೆಗೆರೆಯಾಗಿ ಹಬ್ಬುತ್ತದೆ. ಮೇಲೆ ಸಣ್ಣ ಗುಳ್ಳೆ ಏಳುತ್ತದೆ. ಕೆರೆದು ನೋಡಿದರೆ ಕೆಳಗೆ ಬಿಳಿ ಪುಡಿ. ಬರೀ ಲೋಹವಾಗಿದ್ದರೆ ಗಾಳಿ ತಾಗಿ ಪದರ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಇಲ್ಲಿ ಮುಚ್ಚಳದ ಅಡಿ ಒದ್ದೆ ನಿಂತುಬಿಟ್ಟಿದೆ. ಲೋಹ ಅಲ್ಲಿ ತನ್ನನ್ನು ತಾನು ಕಾಪಾಡಿಕೊಳ್ಳಲಾರದು.

ಹಾಗಾಗಿ ನೀರಿನ ಕೆಳಗೆ ಇರುವ ಭಾಗಕ್ಕೆ ನನ್ನ ಉತ್ತರ ಖಡಾಖಂಡಿತ: ಬೇಡ. ಬೋಟು ಸೀಸನ್ ಪೂರ್ತಿ ನೀರಲ್ಲೇ ನಿಲ್ಲುವುದಾದರೆ ಇನ್ನೂ ಬೇಡ. ಪಾಚಿ, ಚಿಪ್ಪು ಅಂಟುವುದನ್ನು ಪೌಡರ್ ತಡೆಯುವುದಿಲ್ಲ. ಅದಕ್ಕೆ ಆಂಟಿಫೌಲಿಂಗ್ ಪೇಂಟೇ ಬೇಕು, ಅದೂ ಅಲ್ಯೂಮಿನಿಯಂಗೆ ಅಂತಲೇ ಮಾಡಿದ್ದು. ಸಾಮಾನ್ಯ ತಾಮ್ರದ ಪೇಂಟ್ ಬಳಿದರೆ ತಾಮ್ರ ಮತ್ತು ಉಪ್ಪುನೀರು ಸೇರಿ ಬೋಟಿನ ತಳವನ್ನೇ ತಿನ್ನುತ್ತವೆ.

ಬೋಟಿನ ಮೇಲ್ಭಾಗಕ್ಕಾದರೂ ಮಾಡಿಸೋಣ ಅಂದರೆ, ಓವನ್ ನೆನಪಿಡಿ. ಪೌಡರ್ ಕರಗಿ ಗಟ್ಟಿಯಾಗಲು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 10ರಿಂದ 20 ನಿಮಿಷ ಬೇಕು. ಇದು ಲೋಹಕ್ಕೆ ಏರಬೇಕಾದ ಬಿಸಿ, ಓವನ್ ಒಳಗಿನ ಗಾಳಿಯದಲ್ಲ. ಅರ್ಧ ಬೋಟು ಬೇಯಿಸೋಕೆ ಆಗುವುದಿಲ್ಲ, ಅಲ್ವಾ? ಇಡೀ ಬೋಟು ಒಳಗೆ ಹೋಗಬೇಕು. ಹಾಗಾದರೆ ಅದರಿಂದ ಏನೇನು ಹೊರಗೆ ಬರಬೇಕು ನೋಡಿ. ಎಂಜಿನ್, ವೈರಿಂಗ್, ಸ್ಟೀರಿಂಗ್ ಕೇಬಲ್, ಪೆಟ್ರೋಲ್ ಟ್ಯಾಂಕ್. ಟ್ಯಾಂಕ್ ವಿಷಯದಲ್ಲಿ ಚೌಕಾಸಿ ಬೇಡ, ಆವಿಯೂ ಉಳಿದಿರಬಾರದು. ಹಿಂಬದಿ ಎಂಜಿನ್ ಕೂರುವ ಜಾಗದ ಪ್ಲೈವುಡ್. ನೆಲದ ಹಲಗೆ, ಕಾರ್ಪೆಟ್. ಸೀಟಿನ ಅಡಿ, ನೆಲದ ಅಡಿ ತುಂಬಿರುವ ಫೋಮ್.

ಫೋಮ್ ಬಹಳ ಜನಕ್ಕೆ ನೆನಪಾಗುವುದೇ ಇಲ್ಲ. ಥರ್ಮೋಕೋಲ್ ಜಾತಿಯದಾದರೆ ಸುಮಾರು 100 ಡಿಗ್ರಿಗೇ ಮೆತ್ತಗಾಗಿ ಕುಸಿಯುತ್ತದೆ. ತೆಗೆದಿಟ್ಟು ಸುಮ್ನೆ ಬಿಡುವ ಹಾಗೂ ಇಲ್ಲ. 20 ಅಡಿಗಿಂತ ಚಿಕ್ಕ ಮೋಟಾರ್ ಬೋಟುಗಳನ್ನು ನೀರು ತುಂಬಿದರೂ ತೇಲುವ ಹಾಗೆ ಕಟ್ಟಬೇಕು ಅನ್ನುವುದು ಅಮೆರಿಕದ ನಿಯಮ. ಆ ಫೋಮ್ ಇರುವುದೇ ಅದಕ್ಕೆ. ಅಳತೆಗೆ ಸರಿಯಾಗಿ ಮತ್ತೆ ತುಂಬಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ನಿಮ್ಮ ಬೋಟು ರಿವೆಟ್ ಹೊಡೆದದ್ದಾ, ವೆಲ್ಡ್ ಮಾಡಿದ್ದಾ? ರಿವೆಟ್ ಬೋಟಿನಲ್ಲಿ ಎರಡು ತಗಡಿನ ನಡುವೆ ಸೀಲೆಂಟ್, ಹಳೇ ಎಣ್ಣೆ, ನೀರು ಎಲ್ಲಾ ಅವಿತಿರುತ್ತವೆ. ಓವನ್‌ನಲ್ಲಿ ಬಿಸಿಯಾದಾಗ ಅವು ಹೊರಗೆ ಉಕ್ಕಿ, ಕರಗುತ್ತಿರುವ ಪೌಡರ್ ಮೇಲೆ ತೂತು, ಕಲೆ ಮಾಡುತ್ತವೆ. ಸೀಲೆಂಟೂ ಹಾಳಾಗಬಹುದು, ಆಮೇಲೆ ರಿವೆಟ್‌ನಿಂದ ನೀರು ಒಸರಬಹುದು. ರಿವೆಟ್ ಬೋಟಿನ ಹಲ್‌ಗೆ, ಅಂದರೆ ಬೋಟಿನ ಒಡಲಿಗೆ, ಪೌಡರ್ ಬೇಡವೇ ಬೇಡ. ವೆಲ್ಡ್ ಮಾಡಿದ ಬೋಟಾದರೆ ಯೋಚಿಸಬಹುದು. ಅದರಲ್ಲೂ ಮುಚ್ಚಿದ ಪೈಪುಗಳಿದ್ದರೆ ಆವಿ ಹೋಗಲು ದಾರಿ ಇರಬೇಕು.

5083ರಂಥದ್ದರಲ್ಲಿ ಮೆಗ್ನೀಷಿಯಂ ಶೇಕಡಾ 3ಕ್ಕಿಂತ ಜಾಸ್ತಿ. ಅಂಥ ಲೋಹವನ್ನು 65 ಡಿಗ್ರಿ ಮೇಲೆ ಬಹಳ ಹೊತ್ತು ಇಟ್ಟರೆ ಮುಂದೆ ಬಿರುಕು ಬಿಡುವ ಗುಣ ಬರುತ್ತದೆ. ಒಂದು ಸಲದ ಬೇಯಿಸುವಿಕೆಗೆ ಹೆದರಬೇಕಿಲ್ಲ. ಬಣ್ಣ ಬೇಜಾರಾಯಿತು ಅಂತ ಕಿತ್ತು ಮತ್ತೆ ಮತ್ತೆ ಓವನ್‌ಗೆ ಹಾಕಿಸಬೇಡಿ, ಅಷ್ಟೇ.

ಇಷ್ಟೆಲ್ಲಾ ದಾಟಿ ಮಾಡಿಸುತ್ತೇನೆ ಅನ್ನುವವರು ಅಂಗಡಿಗೆ ಹೋದಾಗ ಬಣ್ಣದ ಕಾರ್ಡ್ ಕೈಗೆತ್ತಿಕೊಳ್ಳುವ ಮೊದಲು ಕೇಳಬೇಕಾದ್ದು: "ಪ್ರೀಟ್ರೀಟ್‌ಮೆಂಟ್ ಏನು ಮಾಡ್ತೀರಾ?" ಅಂದರೆ ಪೌಡರ್ ಹೊಡೆಯುವ ಮೊದಲು ಲೋಹವನ್ನು ಹೇಗೆ ಸಜ್ಜು ಮಾಡುತ್ತೀರಿ ಅಂತ. ಪೀಣ್ಯದಲ್ಲಿ ಕಬ್ಬಿಣಕ್ಕೆ ಸೆವೆನ್ ಟ್ಯಾಂಕ್ ಪ್ರೊಸೆಸ್ ಅಂತಿದೆ. ಡಿಗ್ರೀಸಿಂಗ್‌ನಿಂದ ಫಾಸ್ಫೇಟಿಂಗ್, ಪ್ಯಾಸಿವೇಷನ್‌ವರೆಗೆ ಒಂದಾದ ಮೇಲೊಂದು ಅದ್ದುವುದು. ಅಲ್ಯೂಮಿನಿಯಂಗೆ ದಾರಿ ಬೇರೆ: ಜಿಡ್ಡು ತೆಗೆಯುವುದು, ಎಚಿಂಗ್ (ರಾಸಾಯನಿಕದಿಂದ ಮೇಲ್ಮೈ ಸವೆಸುವುದು), ಅದರ ಮಸಿ ತೆಗೆಯುವುದು, ಆಮೇಲೆ ಕ್ರೋಮೇಟ್ ಅಥವಾ ಜಿರ್ಕೋನಿಯಂ ಪದರ. ಪೌಡರ್ ಹಿಡಿದು ನಿಲ್ಲುವುದು ಈ ಕೊನೆಯ ಪದರದ ಮೇಲೆ. ಬ್ಲಾಸ್ಟ್ ಅಂದರೆ ಗಟ್ಟಿ ಕಣಗಳನ್ನು ರಭಸವಾಗಿ ಹೊಡೆದು ಮೇಲ್ಮೈ ಕೆರೆಯುವುದು. "ಬ್ಲಾಸ್ಟ್ ಮಾಡಿ ನೇರ ಪೌಡರ್ ಹೊಡೀತೀವಿ" ಅಂದರೆ ನಮಸ್ಕಾರ ಹೇಳಿ ಹೊರಟುಬಿಡಿ. ಬ್ಲಾಸ್ಟಿಂಗ್ ಮಾಡುವುದಾದರೂ ಸ್ಟೀಲ್ ಗ್ರಿಟ್ ಬಳಸಬಾರದು. ಕಬ್ಬಿಣದ ಕಣ ಅಲ್ಯೂಮಿನಿಯಂ ಒಳಗೆ ಕೂತು, ಒದ್ದೆಯಾದಾಗ ಸುತ್ತಲಿನ ಲೋಹವನ್ನು ತಿನ್ನುತ್ತದೆ. ತಗಡು ತೆಳು ಇದ್ದರೆ ಬ್ಲಾಸ್ಟಿಂಗ್ ಹೊಡೆತಕ್ಕೇ ಸೊಟ್ಟಗಾಗುತ್ತದೆ.

ಪೌಡರ್ ಪಾಲಿಯೆಸ್ಟರ್ ಇರಲಿ. ಬರೀ ಎಪಾಕ್ಸಿ ಪೌಡರ್ ಬಿಸಿಲಿಗೆ ಸುಣ್ಣದ ಹಾಗೆ ಪುಡಿಯಾಗುತ್ತದೆ. ಕೋಟಿಂಗ್ ಎಷ್ಟು ಬಾಳುತ್ತದೆ ಅಂತ ಅಳೆಯಲು ಅಮೆರಿಕದಲ್ಲಿ ಆಮಾ (AAMA) 2604, 2605 ಅನ್ನುವ ಅಳತೆಗೋಲುಗಳಿವೆ. ಮೊದಲನೆಯದಕ್ಕೆ ಫ್ಲೋರಿಡಾ ಬಿಸಿಲಲ್ಲಿ 5 ವರ್ಷ, ಎರಡನೆಯದಕ್ಕೆ 10 ವರ್ಷ ತಡೆದು ತೋರಿಸಬೇಕು. ಯಾವ ದರ್ಜೆ ಕೊಡುತ್ತೀರಿ ಅಂತ ಕೇಳಿ. ಒಂದು ಸ್ಯಾಂಪಲ್ ತಗಡು ಮಾಡಿಸಿ, ಬ್ಲೇಡಿನಿಂದ ಚೌಕ ಚೌಕ ಗೀರಿ, ಟೇಪ್ ಅಂಟಿಸಿ ಎಳೆಯಿರಿ. ಚೌಕ ಕಿತ್ತು ಬಂದರೆ ಆ ಅಂಗಡಿ ಬೇಡ. ದಪ್ಪ 60ರಿಂದ 80 ಮೈಕ್ರಾನ್ ಇದ್ದರೆ ಸಾಕು. ಎರಡು ಪಟ್ಟು ಹೊಡೆದರೆ ಎರಡು ಪಟ್ಟು ಬಾಳುತ್ತದೆ ಅನ್ನುವುದು ಸುಳ್ಳು.

ಹಾಗಾದರೆ ಪೌಡರ್ ಕೋಟಿಂಗ್ ಎಲ್ಲಿ ಮಾಡಿಸಬೇಕು? ಬಿಚ್ಚಿ ತೆಗೆಯಬಹುದಾದ ಸಾಮಾನಿಗೆ. ರೇಲಿಂಗ್, ಸೀಟಿನ ಫ್ರೇಮ್, ಸ್ಟೀರಿಂಗ್ ಕನ್ಸೋಲ್, ಡಬ್ಬಿಯ ಮುಚ್ಚಳ, ಮೇಲಿನ ನೆರಳಿನ ಕಂಬಗಳು. ಇವು ಚಿಕ್ಕ ಓವನ್‌ನಲ್ಲಿ ಹಿಡಿಸುತ್ತವೆ. ಟ್ಯಾಂಕಿನಲ್ಲಿ ಪೂರ್ತಿ ಅದ್ದಬಹುದು. ಗೀರು ಬಿದ್ದರೂ ನೀರಲ್ಲಿ ಮುಳುಗಿರುವುದಿಲ್ಲ. ಕೈ ತಾಗುವ ಜಾಗವಾದ್ದರಿಂದ ಪೌಡರ್‌ನ ಗಟ್ಟಿತನ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಕಾಲಿಡುವ ಕಡೆ ಟೆಕ್ಸ್ಚರ್ ಫಿನಿಶ್ ಹೇಳಿ, ಗ್ಲಾಸಿ ಒದ್ದೆಯಾದರೆ ಜಾರುತ್ತದೆ. ಕಪ್ಪು ಬಣ್ಣ ಜುಲೈ ಬಿಸಿಲಿಗೆ ಕೂರಲೂ ಬಿಡುವುದಿಲ್ಲ.

ಹಲ್‌ಗೆ ಬಣ್ಣ ಬೇಕೇಬೇಕು ಅಂದರೆ ಪೇಂಟ್ ಹೊಡೆಸಿ: ಚೆನ್ನಾಗಿ ಉಜ್ಜಿ, ಎರಡು ಪಾರ್ಟಿನ (ಎರಡು ಡಬ್ಬಿಯದನ್ನು ಬೆರೆಸಿ ಹಚ್ಚುವ) ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಪಾರ್ಟಿನ ಪಾಲಿಯುರೆಥೇನ್. ಓವನ್ ಬೇಡ, ಫೋಮ್ ಕೀಳುವುದು ಬೇಡ. ಗೀರು ಬಿದ್ದರೆ ಆ ಜಾಗಕ್ಕಷ್ಟೇ ಮತ್ತೆ ಹೊಡೆಯಬಹುದು. ಪೌಡರ್‌ಗೆ ಈ ಅನುಕೂಲ ಇಲ್ಲ. ಅದರ ಗೀರಿಗೂ ಕೊನೆಗೆ ಡಬ್ಬಿ ಪೇಂಟನ್ನೇ ತಂದು ಹಚ್ಚಬೇಕು.

ಯಾವುದೇ ಮಾಡಿಸಿ, ಹಿಂಬದಿ ಬಲಗಡೆ ಇರುವ 12 ಅಕ್ಷರದ ಹಲ್ ನಂಬರ್ ಮುಚ್ಚಿಹೋಗದ ಹಾಗೆ ಮಾಸ್ಕಿಂಗ್ ಮಾಡಿಸಿ. ಬೋಟಿನ ಬದಲು ತಾನು ಸವೆಯಲೆಂದು ಹಾಕುವ ಜಿಂಕ್ ಆನೋಡ್ ತುಂಡಿಗೆ, ಅದು ಕೂರುವ ಜಾಗಕ್ಕೆ ಬಣ್ಣ ತಾಗಬಾರದು. ತಾಗಿದರೆ ಅದು ಕೆಲಸ ಮಾಡುವುದಿಲ್ಲ. ವಾಪಸ್ ಜೋಡಿಸುವಾಗ ಸ್ಟೇನ್‌ಲೆಸ್ ಬೋಲ್ಟ್‌ಗಳಿಗೆ ನೈಲಾನ್ ವಾಷರ್ ಹಾಕಿ, ಬೋಲ್ಟಿನ ತಿರುಪಿನ ಸುತ್ತುಗಳಿಗೆ ಎರಡು ಲೋಹ ಒಂದನ್ನೊಂದು ತಿನ್ನದ ಹಾಗೆ ತಡೆಯುವ ಡ್ಯುರಾಲಾಕ್ ಅಥವಾ ಟೆಫ್ ಜೆಲ್ ಪೇಸ್ಟ್ ಸವರಿ. ಪೌಡರ್ ಮೊದಲು ಏಳುವುದು ಸಾಮಾನ್ಯವಾಗಿ ಬೋಲ್ಟ್ ತೂತಿನ ಸುತ್ತಲೇ. ಹೊಸ ತೂತು ಕೊರೆಯಬೇಕಾದ್ದೇನಿದ್ದರೂ ಅಂಗಡಿಗೆ ಕಳಿಸುವ ಮೊದಲೇ ಕೊರೆದುಬಿಡಿ.