ರಿಬ್ಬನ್ ಈಲ್ ತರೋದಾ ಬೇಡ್ವಾ: ನಾನು ತೀರ್ಮಾನ ಮಾಡಿದ್ದು ಹೀಗೆ

ರಿಬ್ಬನ್ ಈಲ್ ಅಂದ್ರೆ ಹಾವಿನ ಥರ ಉದ್ದಕ್ಕಿರೋ ಸಮುದ್ರದ ಮೀನು. ನೀಲಿ ರಿಬ್ಬನ್ ಈಲ್ ಕಣ್ಣಿಗೆ ಬಿದ್ರೆ ಬೇಡ ಅನ್ನೋಕೆ ಮನಸ್ಸೇ ಬರಲ್ಲ. ಮೈ ಪೂರ್ತಿ ನೀಲಿ, ಬೆನ್ನುದ್ದಕ್ಕೂ ಹಳದಿ ರೆಕ್ಕೆ, ಮೂತಿ ತುದೀಲಿ ಎಲೆ ಥರ ಅರಳಿರೋ ಹೊಳ್ಳೆಗಳು. ಮರೀಲಿ ಕಪ್ಪು, ಬೆಳೆದು ಗಂಡಾದಾಗ ನೀಲಿ, ಆಮೇಲೆ ಅದೇ ಮೀನು ಹೆಣ್ಣಾಗಿ ಹಳದಿ ಆಗುತ್ತೆ.

ಮನೇಲಿರೋ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕ್ ವಿಷಯ ನಂಗೆ ಚಿಂತೆ ಇರ್ಲಿಲ್ಲ. ಈಲ್ ಅಡಗಿ ಕೂರೋಕೆ ಮರಳಲ್ಲಿ ಪಿವಿಸಿ ಪೈಪ್ ಹೂತಿಟ್ಟೆ, ಮುಚ್ಚಳದಲ್ಲಿ ವೈರ್ ಹೋಗೋ ಸಂದೀನೂ ಬಿಡದೆ ಮುಚ್ಚಿದೆ, ನೀರು ಆಚೆ ಹರಿದು ಹೋಗೋ ಓವರ್‌ಫ್ಲೋಗೆ ಮೆಶ್ (ಜಾಲರಿ) ಹಾಕಿದೆ, ಯಾಕಂದ್ರೆ ಇದು ಬೆರಳು ದಪ್ಪದ ಮೀನು, ತಲೆ ತೂರಿದ್ರೆ ಮೈಯೂ ತೂರುತ್ತೆ, ಹೊರಗೆ ಬಿದ್ರೆ ಒಣಗಿ ಸಾಯುತ್ತೆ.

ಪ್ರಶ್ನೆ ಇದ್ದಿದ್ದು ಊಟದ್ದು. ಸಮುದ್ರದಲ್ಲಿ ಇದು ಬಿಲದಿಂದ ತಲೆ ಹೊರಗಿಟ್ಕೊಂಡು ಹತ್ರ ಬರೋ ಸಣ್ಣ ಮೀನನ್ನ ಹಿಡಿಯುತ್ತೆ, ಟ್ಯಾಂಕಿಗೆ ಬಂದ್ಮೇಲೆ ಎಷ್ಟೋ ಈಲ್‌ಗಳು ತಿನ್ನೋದನ್ನೇ ಬಿಟ್ಟು ವಾರಗಟ್ಟಲೆ ಸೊರಗಿ ಹೋಗ್ತವೆ. ಅದಕ್ಕೆ ಮಾರೋರ ಹತ್ರ "ಇಲ್ಲೇ ಇರ್ಲಿ, ನನ್ನ ಕಣ್ಣೆದುರಿಗೆ ತಿನ್ನಿಸಿ" ಅಂದೆ. "ಚೆನ್ನಾಗಿ ತಿನ್ನುತ್ತೆ" ಅನ್ನೋ ಮಾತು ಸಾಲಲ್ಲ, ಏನು ತಿನ್ನುತ್ತೆ ಅಂತ ನೋಡ್ಬೇಕು. ಮಾಲಿ ಅನ್ನೋ ಸಣ್ಣ ಮೀನನ್ನ ಜೀವಂತ ಬಿಟ್ರೆ ಗಬಕ್ ಅಂತ ಹಿಡೀತು, ಕಡ್ಡಿಗೆ ಸಿಕ್ಕಿಸಿದ ಸತ್ತ ಮೀನಿನ ಕಡೆ ತಿರುಗೂ ನೋಡ್ಲಿಲ್ಲ. ಬೇರೆ ಬೇರೆ ದಿನ ಹೋಗಿ ನೋಡಿದ್ರೂ ಅದೇ ಕಥೆ.

ಮಾಲಿ ಮೀನು ಊಟಕ್ಕೆ ಒಳ್ಳೇದೇ, ನಿಧಾನಕ್ಕೆ ಒಗ್ಗಿಸಿದ್ರೆ ಉಪ್ಪುನೀರಲ್ಲೂ ಬದುಕುತ್ತೆ. ಆದ್ರೆ ಅದನ್ನ ಸದಾ ಸಾಕಿ ಒದಗಿಸ್ತಾನೇ ಇರೋದು ನನ್ನ ಕೈಲಾಗಲ್ಲ, ಬದಲಿಗೆ ಗೋಲ್ಡ್‌ಫಿಶ್ ಹಾಕೋಣ ಅಂದ್ರೆ ಅದ್ರಲ್ಲಿ ವಿಟಮಿನ್ ಬಿ1 ಹಾಳು ಮಾಡೋ ಥಯಾಮಿನೇಸ್ ಇದೆ, ಅದನ್ನೇ ನಂಬ್ಕೊಂಡ್ರೆ ಈಲ್ ಆರೋಗ್ಯ ಕೆಡುತ್ತೆ. ಮೇಲಾಗಿ ನನ್ನ ಟ್ಯಾಂಕಲ್ಲಿ ಟ್ಯಾಂಗ್ ಅನ್ನೋ ಚುರುಕು ಮೀನು ಇದೆ, ಊಟ ಬಿದ್ರೆ ಸಾಕು ಎಗರಿ ಬೀಳುತ್ತೆ, ನಾಚಿಕೆ ಸ್ವಭಾವದ ರಿಬ್ಬನ್ ಈಲ್ ಅದ್ರ ಮುಂದೆ ಪೈಪಿಂದ ಆಚೆ ಬರೋದೇ ಕಷ್ಟ. ಬೇಡ ಅಂದೆ. ಬೇಜಾರಂತೂ ತುಂಬಾ ಆಯ್ತು, ಆದ್ರೂ ಅದು ಹಸಿವಲ್ಲಿ ಸಾಯೋದನ್ನ ನೋಡೋ ಧೈರ್ಯ ನಂಗಿಲ್ಲ.

ಅದ್ರ ಬದಲು ಸ್ನೋಫ್ಲೇಕ್ ಈಲ್ ಅನ್ನೋ ಇನ್ನೊಂದು ಜಾತಿಯ ಈಲ್ ತಂದೆ. ಇದರ ಹಲ್ಲು ಮೊಂಡು, ಏಡಿ ಸಿಗಡಿ ಜಗಿಯೋಕೆ ಹೇಳಿ ಮಾಡಿಸಿದ್ದು, ಸತ್ತ ಸಿಗಡಿ ತುಂಡನ್ನ ಚಿಮಟದಲ್ಲಿ ಹಿಡಿದ್ರೆ ವಾಸನೆ ಹಿಡ್ಕೊಂಡು ತಾನೇ ಬರುತ್ತೆ. ಇದನ್ನ ತರೋಕೆ ಮುಂಚೆ ಟ್ಯಾಂಕಲ್ಲಿದ್ದ ಕ್ಲೀನರ್ ಶ್ರಿಂಪನ್ನ (ಮೀನುಗಳ ಮೈ ಶುಚಿ ಮಾಡೋ ಸಿಗಡಿ) ಬೇರೆ ಟ್ಯಾಂಕಿಗೆ ಹಾಕಿದೆ, ಇಲ್ಲಾಂದ್ರೆ ಅದೂ ಊಟಾನೇ.