ಅಮೆರಿಕಕ್ಕೆ ಹೋಗುವ ಟೆಸ್ಟಿಂಗ್ ಮೆಷಿನ್: ಕೋಡ್ ಹುಡುಕುವುದು, ಪ್ಲೇಟ್ ಹೊಡೆಯುವುದು

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಡಿಸ್ಪ್ಯಾಚ್ ಮತ್ತು ಎಕ್ಸ್‌ಪೋರ್ಟ್ ಪೇಪರ್ ನೋಡಿಕೊಳ್ಳುತ್ತೇನೆ. ಪ್ಲಾಸ್ಟಿಕ್ ಎಷ್ಟು ಹೊಡೆತ ತಡೆಯುತ್ತದೆ ಎಂದು ನೋಡುವ ಇಂಪ್ಯಾಕ್ಟ್ ಟೆಸ್ಟರ್ ನಮ್ಮ ಮುಖ್ಯ ಮಾಲು. ಭಾರದ ಸುತ್ತಿಗೆಯೊಂದು ಮೇಲಿನಿಂದ ತೂಗಿ ಬಂದು, ಕೆಳಗೆ ಕಚ್ಚಿಸಿಟ್ಟ ಪ್ಲಾಸ್ಟಿಕ್ ತುಂಡನ್ನು ಮುರಿಯುತ್ತದೆ. ಮುರಿಯಲು ಎಷ್ಟು ಶಕ್ತಿ ಹಿಡಿಯಿತು ಎಂದು ಮುಳ್ಳು ತೋರಿಸುತ್ತದೆ. ಈ ಮೆಷಿನ್ ಅಮೆರಿಕದಲ್ಲಿ ಇಳಿದಾಗ ಅಲ್ಲಿನ ಕಸ್ಟಮ್ಸ್‌ಗೆ ಎರಡು ವಿಷಯ ಗೊತ್ತಾಗಬೇಕು. ಇದು ಏನು ಕೆಲಸ ಮಾಡುತ್ತದೆ? ಇದು ಹುಟ್ಟಿದ್ದು ಎಲ್ಲಿ? ಮೊದಲನೆಯದಕ್ಕೆ ಉತ್ತರ ಎಚ್‌ಎಸ್ ಕೋಡ್, ಅಂದರೆ ಮಾಲು ಯಾವ ಬಗೆಯದು ಎಂದು ಕಸ್ಟಮ್ಸ್‌ಗೆ ಹೇಳುವ ಅಂಕಿ. ಎರಡನೆಯದಕ್ಕೆ ಉತ್ತರ ಮೆಷಿನ್ ಮೈಮೇಲೇ ಇರಬೇಕು.

ಎರಡನೆಯದರಲ್ಲಿ ನಾವು ಒಮ್ಮೆ ಪೆಟ್ಟು ತಿಂದಿದ್ದೇವೆ. ಅಲ್ಲಿನ ಒಬ್ಬ ಡೀಲರ್‌ಗೆ ನಾಲ್ಕು ಮೆಷಿನ್ ಕಳಿಸಿದ್ದೆವು. ಮುಂದೆ ಅವರ ಹೆಸರು, ಅವರ ಅಮೆರಿಕದ ಊರು ದೊಡ್ಡದಾಗಿ. ಹಿಂದೆ, ಕೇಬಲ್ ಬರುವ ಜಾಗದಲ್ಲಿ, ‘ಮೇಡ್ ಇನ್ ಇಂಡಿಯಾ’ ಎಂಬ ಬೆಳ್ಳಿ ಬಣ್ಣದ ಸ್ಟಿಕ್ಕರ್. ಪೆಟ್ಟಿಗೆ ತೆರೆದು ನೋಡಿದಾಗ ಎರಡು ಮೆಷಿನ್‌ಗಳಲ್ಲಿ ಸ್ಟಿಕ್ಕರ್ ಅಂಚು ಎದ್ದಿತ್ತು. ಡೀಲರ್‌ಗೆ ಫಾರ್ಮ್ 4647 ಬಂತು. ಗುರುತು ಹಾಕಿ ತೋರಿಸಿ, ಇಲ್ಲವೇ ಮಾಲು ವಾಪಸ್ ಒಪ್ಪಿಸಿ, 30 ದಿನದೊಳಗೆ ಎಂಬ ನೋಟಿಸ್ ಅದು. ನಾವು ಪೀಣ್ಯದಲ್ಲೇ ನಾಲ್ಕು ಲೋಹದ ಪ್ಲೇಟ್‌ಗೆ ಎಚಿಂಗ್ ಮಾಡಿಸಿ, ಅಂದರೆ ಅಕ್ಷರ ಲೋಹದೊಳಗೆ ಇಳಿಯುವಂತೆ ಕೊರೆಸಿ, ರಿವೆಟ್ ಸಮೇತ ಕೊರಿಯರ್ ಮಾಡಿದೆವು. ಅಲ್ಲಿ ಗೋಡೌನ್‌ನಲ್ಲಿ ಯಾರೋ ಡ್ರಿಲ್ ಹಿಡಿದು ಕೂರಿಸಿದರು. ಒಂದು ತೂತಿನ ಸುತ್ತ ಪೌಡರ್ ಕೋಟಿಂಗ್ ಚಕ್ಕೆ ಎದ್ದು ಒಳಗಿನ ಬೀಡು ಕಾಣುತ್ತಿದ್ದ ಫೋಟೋ ಇವತ್ತಿಗೂ ನನ್ನ ಫೋನಿನಲ್ಲಿದೆ. ಹೊಸ ಮೆಷಿನ್ ಅದು. ನಮ್ಮ ಫಿಟ್ಟರ್ ಆ ಫೋಟೋ ನೋಡಿ ಅವತ್ತು ಊಟ ಸರಿಯಾಗಿ ಮಾಡಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೋಡ್‌ನಿಂದ ಶುರು ಮಾಡೋಣ.

ಎಚ್‌ಎಸ್ ಕೋಡ್‌ನ ಮೊದಲ 6 ಅಂಕಿ ಎಲ್ಲ ದೇಶಕ್ಕೂ ಒಂದೇ. ಆಮೇಲಿನದು ಆಯಾ ದೇಶದ್ದು. ಇಲ್ಲಿನ ಕಸ್ಟಮ್ಸ್‌ಗೆ ನಾವು ಕೊಡುವ ಶಿಪ್ಪಿಂಗ್ ಬಿಲ್‌ನಲ್ಲಿ 8 ಅಂಕಿ, ಅಮೆರಿಕದಲ್ಲಿ 10. ಹಾಗಾಗಿ ನಮ್ಮ 8 ಅಂಕಿಯನ್ನು ಖರೀದಿದಾರರಿಗೆ ಕಳಿಸಿ ‘ಇದನ್ನೇ ಹಾಕಿ’ ಎನ್ನಬೇಡಿ. ಮೊದಲ 6 ಅಂಕಿ ಕೊಡಿ, ಯಾಕೆ ಅದು ಎಂದು ಎರಡು ಸಾಲು ಬರೆಯಿರಿ. ಉಳಿದದ್ದನ್ನು ಅವರ ಪರವಾಗಿ ಕಸ್ಟಮ್ಸ್ ಕೆಲಸ ಮಾಡುವ ಬ್ರೋಕರ್ ನೋಡುತ್ತಾರೆ.

ಲ್ಯಾಬ್ ಸಾಮಾನು ಅಂದರೆ ಎಲ್ಲವೂ ಕೋಡ್ ಪಟ್ಟಿಯ 90ನೇ ಅಧ್ಯಾಯ, ಅಂದರೆ 90ರಿಂದ ಶುರುವಾಗುವ ಕೋಡ್, ಅಂದುಕೊಳ್ಳುವವರು ಜಾಸ್ತಿ. ಹಾಗಲ್ಲ. ಮೆಷಿನ್ ಹೆಸರು ಬಿಟ್ಟು ಕೆಲಸ ನೋಡಿ. ವಸ್ತುವಿನ ಗಟ್ಟಿತನ, ಬಲ, ಹಿಗ್ಗುವ ಗುಣ ಇಂಥದ್ದನ್ನು ಪರೀಕ್ಷಿಸಿದರೆ 9024. ಅದರೊಳಗೆ ಲೋಹ ಪರೀಕ್ಷಿಸುವುದು 9024.10, ಪ್ಲಾಸ್ಟಿಕ್, ಬಟ್ಟೆ, ಕಾಗದ, ಮರ ಇತ್ಯಾದಿಗೆ 9024.80. ಇಂಪ್ಯಾಕ್ಟ್ ಟೆಸ್ಟರ್ ಅನ್ನುವ ಹೆಸರು ಎರಡಕ್ಕೂ ಇದೆ. ಆದ್ದರಿಂದ ಇನ್‌ವಾಯ್ಸ್‌ನಲ್ಲಿ ‘ಪ್ಲಾಸ್ಟಿಕ್‌ಗೆ’ ಎಂಬ ಒಂದು ಪದ ಬಿಟ್ಟರೆ ಕೋಡ್ ಬೇರೆಯಾಗಬಹುದು. ಪಿಎಚ್ ಮೀಟರ್, ಸ್ಪೆಕ್ಟ್ರೋಮೀಟರ್, ವಿಸ್ಕೋಮೀಟರ್ 9027ಕ್ಕೆ ಹೋಗುತ್ತವೆ. ಥರ್ಮಾಮೀಟರ್ 9025, ಪ್ರೆಶರ್ ಗೇಜ್ 9026. ಬೂದಿ ಪರೀಕ್ಷೆಗೆ ಬಳಸುವ ಕರೆಂಟಿನ ಫರ್ನೇಸ್ ಲ್ಯಾಬಿನಲ್ಲೇ ಇದ್ದರೂ 8514. 9031 ಎಂಬುದು ಆ ಅಧ್ಯಾಯದಲ್ಲಿ ಬೇರೆಲ್ಲೂ ಹೇಳದ ಅಳತೆ ಸಾಧನಗಳಿಗೆ ಇರುವ ಮನೆ. ಹುಡುಕಿ ಸಾಕಾಯಿತು ಅಂತ ಸುಮ್ನೆ ಅಲ್ಲಿಗೆ ಹಾಕಬೇಡಿ.

ನಮ್ಮಲ್ಲಿ ತಲೆನೋವು ಕೊಟ್ಟದ್ದು ನಾಚ್ ಕಟರ್. ಪರೀಕ್ಷೆಗೆ ಮುಂಚೆ ಪ್ಲಾಸ್ಟಿಕ್ ತುಂಡಿನಲ್ಲಿ ಸಣ್ಣ ಗೀರು ಕತ್ತರಿಸುವ ಮೋಟಾರ್ ಮೆಷಿನ್. ಟೆಸ್ಟರ್ ಪಕ್ಕದಲ್ಲೇ ಕೂರುತ್ತದೆ, ಅದೇ ಬಣ್ಣ, ಅದೇ ಕ್ಯಾಟಲಾಗ್. ಆದರೆ ಅದು ಏನನ್ನೂ ಪರೀಕ್ಷಿಸುವುದಿಲ್ಲ, ಕತ್ತರಿಸುತ್ತದೆ ಅಷ್ಟೆ. ಗಟ್ಟಿ ಪ್ಲಾಸ್ಟಿಕ್ ಕೆಲಸದ ಮೆಷಿನ್ ಟೂಲ್‌ಗಳಿಗೆ 8465 ಇದೆ, ಮೊದಲು ಅಲ್ಲಿ ನೋಡಬೇಕು. ಇಂಥ ಕಡೆ ಊಹೆ ಬೇಡ. ಅಮೆರಿಕದ ಕಸ್ಟಮ್ಸ್‌ಗೆ ಬರೆದು ರೂಲಿಂಗ್, ಅಂದರೆ ಯಾವ ಕೋಡ್ ಎಂಬ ಅವರ ಲಿಖಿತ ತೀರ್ಮಾನ, ಕೇಳಬಹುದು. ಫೀಸು ಇಲ್ಲ. ಆಮದು ಮಾಡುವವರೇ ಆಗಬೇಕಿಲ್ಲ, ಕಳಿಸುವ ನಾವೂ ಕೇಳಬಹುದು. ಕೇಳುವ ಮುಂಚೆ ಅವರ ‘ಕ್ರಾಸ್’ ಎಂಬ ಹುಡುಕಾಟದ ತಾಣದಲ್ಲಿ ಹಳೆಯ ರೂಲಿಂಗ್‌ಗಳನ್ನು ಓದಿ. ನಮ್ಮಂಥದೇ ಮೆಷಿನ್ ಬಗ್ಗೆ ಯಾರೋ ಕೇಳಿರುತ್ತಾರೆ. ಒಂದು ಭಾನುವಾರ ಮಧ್ಯಾಹ್ನ ಕೂತು ಓದಿದರೆ ಅವರು ಹೇಗೆ ಯೋಚಿಸುತ್ತಾರೆ ಎಂಬುದು ಹಿಡಿತಕ್ಕೆ ಬರುತ್ತದೆ.

ಸ್ಪೇರ್‌ಗಳದ್ದು ಬೇರೆ ಲೆಕ್ಕ. 90ನೇ ಅಧ್ಯಾಯದ 2ನೇ ಟಿಪ್ಪಣಿ ಓದಿ. ನಮ್ಮ ಮೆಷಿನ್‌ಗೆ ಮಾತ್ರ ಕೂರುವ ಸುತ್ತಿಗೆ, ಕಚ್ಚುವ ದವಡೆ 9024.90. ತನ್ನದೇ ಕೋಡ್ ಇರುವ ಮೋಟಾರ್ 8501ಕ್ಕೇ ಹೋಗುತ್ತದೆ, ಅದು ನಮ್ಮ ಮೆಷಿನ್‌ಗೆಂದೇ ಹೋದರೂ. ಸಾಮಾನ್ಯ ಸ್ಕ್ರೂ, ಸ್ಪ್ರಿಂಗ್, ರಬ್ಬರ್ ಓ ರಿಂಗ್ ಈ ಅಧ್ಯಾಯಕ್ಕೇ ಸೇರುವುದಿಲ್ಲ. ಹಾಗಾಗಿ ಇನ್‌ವಾಯ್ಸ್‌ನಲ್ಲಿ ‘ಟೆಸ್ಟಿಂಗ್ ಮೆಷಿನ್ ವಿತ್ ಆಕ್ಸೆಸರೀಸ್’ ಎಂದು ಒಂದೇ ಸಾಲು ಬರೆಯುವ ಅಭ್ಯಾಸ ಬಿಡಿ. ಯಾವ ವಸ್ತುವನ್ನು, ಯಾವ ಗುಣಕ್ಕೆ, ಯಾವ ಸ್ಟ್ಯಾಂಡರ್ಡ್ ಪ್ರಕಾರ ಪರೀಕ್ಷಿಸುತ್ತದೆ ಎಂದು ಬರೆಯಿರಿ. ನಾನು ಎಎಸ್‌ಟಿಎಂ ಡಿ256 ಎಂದು ಹಾಕುತ್ತೇನೆ. ಸುತ್ತಿಗೆ ತೂಗಿ ಪ್ಲಾಸ್ಟಿಕ್ ಮುರಿಯುವ ಐಜೋಡ್ ಪರೀಕ್ಷೆಯ ಸ್ಟ್ಯಾಂಡರ್ಡ್ ನಂಬರ್ ಅದು. ಓದಿದ ಬ್ರೋಕರ್‌ಗೆ ಮತ್ತೆ ಫೋನ್ ಮಾಡುವ ಕೆಲಸ ಇರುವುದಿಲ್ಲ.

ಈಗ ಹುಟ್ಟಿದ ಊರು. ನಮ್ಮ ಫ್ರೇಮ್ ಕೊಯಮತ್ತೂರಿನಲ್ಲಿ ಎರಕ ಆಗುತ್ತದೆ, ಡಿಸ್‌ಪ್ಲೇ ಹೊರದೇಶದ್ದು, ಮಷಿನಿಂಗ್ ಮತ್ತು ಜೋಡಣೆ ಪೀಣ್ಯದಲ್ಲಿ. ಬಂದ ಬಿಡಿಭಾಗಗಳು ಹೊಸ ಹೆಸರು, ಹೊಸ ಸ್ವರೂಪ, ಹೊಸ ಉಪಯೋಗ ಪಡೆದವಾ ಎಂದು ಅಮೆರಿಕದವರು ನೋಡುತ್ತಾರೆ. ನಮ್ಮಲ್ಲಿ ಪಡೆಯುತ್ತವೆ. ಆದರೆ ಚೀನಾದಿಂದ ಪೂರ್ತಿ ಮೆಷಿನ್ ತರಿಸಿ, ಇಲ್ಲಿ ಕ್ಯಾಲಿಬ್ರೇಶನ್ ಮಾಡಿ, ನಮ್ಮ ಹೆಸರು ಹಾಕಿದರೆ ಅದು ಚೀನಾದ್ದೇ. ಕ್ಯಾಲಿಬ್ರೇಶನ್ ಮಾಡಿದ ಮಾತ್ರಕ್ಕೆ ಮೆಷಿನ್‌ನ ದೇಶ ಬದಲಾಗುವುದಿಲ್ಲ. ಚೀನಾ ಮಾಲಿಗೆ ಅಲ್ಲಿ ಹೆಚ್ಚುವರಿ ಸುಂಕ ಇರುವುದರಿಂದ ಇದು ದೊಡ್ಡ ತಪ್ಪಾಗುತ್ತದೆ. ಅಂಥ ಆರ್ಡರ್ ಬಂದರೆ ‘ಆಗಲ್ಲ’ ಎಂದು ನೇರವಾಗಿ ಹೇಳಿ.

ಗುರುತಿನ ಕಾನೂನು ಅಮೆರಿಕದ 1930ರ ಟ್ಯಾರಿಫ್ ಆಕ್ಟ್‌ನ 304ನೇ ಸೆಕ್ಷನ್. ದೇಶದ ಇಂಗ್ಲಿಷ್ ಹೆಸರು, ಕಣ್ಣಿಗೆ ಬೀಳುವ ಜಾಗದಲ್ಲಿ, ಅಳಿಸಿ ಹೋಗದಂತೆ ಇರಬೇಕು. ‘ಬೆಂಗಳೂರು’ ಎಂದಷ್ಟೇ ಇದ್ದರೆ ಸಾಲದು. ಅಲ್ಲಿನ ಕಸ್ಟಮ್ಸ್ ನಿಯಮಗಳ 134.43ರಲ್ಲಿ ಇನ್ನೊಂದು ಪಟ್ಟಿ ಇದೆ. ಚಾಕು, ಕತ್ತರಿ, ಸರ್ಜರಿ ಸಾಮಾನುಗಳ ಜೊತೆಗೆ ವೈಜ್ಞಾನಿಕ ಮತ್ತು ಲ್ಯಾಬ್ ಉಪಕರಣಗಳೂ ಅದರಲ್ಲಿವೆ. ಇವಕ್ಕೆ ಗುರುತನ್ನು ಅಚ್ಚೊತ್ತಬೇಕು, ಎರಕದಲ್ಲೇ ತರಬೇಕು, ಎಚಿಂಗ್ ಮಾಡಬೇಕು, ಕೆತ್ತಬೇಕು, ಇಲ್ಲವೇ ಲೋಹದ ಪ್ಲೇಟನ್ನು ವೆಲ್ಡ್, ಸ್ಕ್ರೂ ಅಥವಾ ರಿವೆಟ್‌ನಿಂದ ಕೂರಿಸಬೇಕು. ಸ್ಟಿಕ್ಕರ್ ಆ ಪಟ್ಟಿಯಲ್ಲಿ ಇಲ್ಲ. ನಮಗೆ ಇದು ಮುಂಚೆಯೇ ಗೊತ್ತಿದ್ದರೆ ನಾಲ್ಕು ಮೆಷಿನ್‌ಗೆ ಡ್ರಿಲ್ ಬೀಳುತ್ತಿರಲಿಲ್ಲ.

134.46 ಕೂಡ ಓದಿ. ಮೆಷಿನ್ ಮೇಲೆ ಅಮೆರಿಕದ ಊರಿನ ಹೆಸರಿದ್ದು, ನೋಡಿದವರು ಅಲ್ಲಿಯದೇ ಮಾಲು ಅಂದುಕೊಳ್ಳುವಂತಿದ್ದರೆ, ಅದರ ಹತ್ತಿರವೇ, ಹೆಚ್ಚುಕಮ್ಮಿ ಅಷ್ಟೇ ದೊಡ್ಡ ಅಕ್ಷರದಲ್ಲಿ ‘ಮೇಡ್ ಇನ್ ಇಂಡಿಯಾ’ ಇರಬೇಕು. ಬರೀ ‘ಇಂಡಿಯಾ’ ಸಾಕಾಗುವುದಿಲ್ಲ. ಗುರುತು ಹಾಕದೆ ಹಾಗೇ ಬಿಟ್ಟರೆ ಮಾಲಿನ ಬೆಲೆಯ ಮೇಲೆ 10% ಹೆಚ್ಚುವರಿ ಸುಂಕ ಬೀಳುತ್ತದೆ. ಕಟ್ಟುವವರು ಅಲ್ಲಿ ಆಮದು ಮಾಡಿಕೊಂಡವರು, ಮುಂದಿನ ಆರ್ಡರ್ ಕಳೆದುಕೊಳ್ಳುವವರು ನಾವು.

ಲ್ಯಾಬ್ ತಾನೇ ಬಳಸಲು ನೇರವಾಗಿ ತರಿಸಿಕೊಂಡರೆ ಗುರುತಿನಿಂದ ವಿನಾಯಿತಿ ಇದೆ. ನಾನು ಆಗಲೂ ಪ್ಲೇಟ್ ಹಾಕಿಸುತ್ತೇನೆ. ಗುರುತು ಹಾಕಲಾಗದಷ್ಟು ಸಣ್ಣ ಬಿಡಿಭಾಗಗಳಿಗೆ ಅವು ಕೈಸೇರುವ ಕವರ್ ಮೇಲೆ ಬರೆದರೆ ಆಯಿತು.

ನಾವು ಈಗ ಮಾಡುವುದು ಹೀಗೆ. ಪ್ಲೇಟಿನ ಜಾಗ ಡ್ರಾಯಿಂಗ್‌ನಲ್ಲೇ ಇರುತ್ತದೆ. ಬೇಸ್‌ನ ಮುಂಭಾಗ, ಖರೀದಿದಾರರ ಹೆಸರಿನ ಕೆಳಗೆ. ಬಿಚ್ಚಿ ತೆಗೆಯುವ ಕವರ್ ಮೇಲೆ ಅಲ್ಲ. ನಾಲ್ಕು ತೂತನ್ನು ಮಷಿನಿಂಗ್ ಹೊತ್ತಿಗೇ ಕೊರೆದು, ಕೋಟಿಂಗ್‌ಗೆ ಕಳಿಸುವಾಗ ರಬ್ಬರ್ ಬಿರಡೆ ಹಾಕುತ್ತೇವೆ. ಪ್ಲೇಟ್ ಸ್ಟೇನ್‌ಲೆಸ್ ಸ್ಟೀಲ್, ಎಚಿಂಗ್ ಮಾಡಿ ಕಪ್ಪು ತುಂಬಿದ್ದು. ಕೂರಿಸಿದ ಮೇಲೆ ಫಿಟ್ಟರ್ ಥಿನ್ನರ್ ಅದ್ದಿದ ಬಟ್ಟೆಯಿಂದ ಇಪ್ಪತ್ತು ಸಲ ಒತ್ತಿ ಉಜ್ಜುತ್ತಾರೆ. ಕಪ್ಪು ಹೋದರೂ ಅಕ್ಷರ ಉಗುರಿಗೆ ಸಿಗಬೇಕು. ಸಿಗದಿದ್ದರೆ ಪ್ಲೇಟ್ ವಾಪಸ್.

ಮರದ ಪೆಟ್ಟಿಗೆಯ ಮೇಲೆ ತೆನೆ ಚಿತ್ರದ ಜೊತೆ ಇಂಗ್ಲಿಷ್‌ನಲ್ಲಿ ‘ಐಎನ್’ ಎಂಬ ಮುದ್ರೆ ಇರುತ್ತದಲ್ಲ, ಅದು ಮರಕ್ಕೆ ಹುಳು ಹೋಗುವ ಚಿಕಿತ್ಸೆ ಆಗಿದೆ ಎಂಬುದಕ್ಕೆ. ಒಳಗಿನ ಮಾಲಿನ ಗುರುತು ಅಲ್ಲ. ಹೊಸ ಹುಡುಗರು ಇದನ್ನು ಕೇಳಿಯೇ ಕೇಳುತ್ತಾರೆ.

ಮುಚ್ಚಳ ಹೊಡೆಯುವ ಮುಂಚೆ ಎರಡು ಫೋಟೋ ತೆಗೆಯುತ್ತೇನೆ. ಒಂದು ಇಡೀ ಮೆಷಿನ್, ಪ್ಲೇಟ್ ಎಲ್ಲಿದೆ ಎಂದು ಕಾಣುವಂತೆ. ಇನ್ನೊಂದು ಪ್ಲೇಟಿನದ್ದೇ, ಸೀರಿಯಲ್ ನಂಬರ್ ಓದುವಷ್ಟು ಹತ್ತಿರದಿಂದ. ಎರಡೂ ಇನ್‌ವಾಯ್ಸ್ ಜೊತೆ ಅದೇ ಸಂಜೆ ಅವರ ಬ್ರೋಕರ್‌ಗೆ ಮೇಲ್ ಆಗುತ್ತವೆ. ಆಮೇಲೆ ಫಿಟ್ಟರ್ ಮೊಳೆ ಹೊಡೆಯುತ್ತಾರೆ.