ದುರ್ಗದ ಮಾಳಿಗೆ ಮೇಲೆ ಪೇಪರ್ ಹೂ, ಅಡೇನಿಯಂ: ನನ್ನ ಅನುಭವ

ಗಿಡ ತರುವ ಮೊದಲು ಮನೆಯ ನೀರು ನೋಡಬೇಕು. ನಮ್ಮ ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕೂರುತ್ತದೆ. ಅದೇ ಸುಣ್ಣ ಕುಂಡದ ಮಣ್ಣಿನಲ್ಲೂ ಕೂರುತ್ತದೆ. ಮಣ್ಣಿನ ಕುಂಡವಾದರೆ ಹೊರಮೈಯಲ್ಲಿ ಬಿಳಿ ಪುಡಿಯಾಗಿ ಕಾಣುತ್ತದೆ. ಪ್ಲಾಸ್ಟಿಕ್ ಆದರೆ ಎಲೆಯ ಅಂಚು ಕರಕಲಾದ ಮೇಲೇ ಗೊತ್ತಾಗುವುದು. ಹಾಗಾಗಿ ನನ್ನ ಮಾಳಿಗೆಯ ಮುಕ್ಕಾಲು ಪಾಲು ಪೇಪರ್ ಹೂ (ಬೋಗನ್‌ವಿಲ್ಲಾ) ಮತ್ತು ಅಡೇನಿಯಂ (ಬುಡ ಗಡ್ಡೆಯಂತೆ ಉಬ್ಬುವ ಡೆಸರ್ಟ್ ರೋಸ್). ಎರಡೂ ಚಿತ್ರದುರ್ಗದ ಬಿಸಿಲಿಗೆ ಹೇಳಿ ಮಾಡಿಸಿದಂಥವು, ಗಡಸು ನೀರನ್ನೂ ತಕ್ಕಮಟ್ಟಿಗೆ ತಡೆದುಕೊಳ್ಳುತ್ತವೆ. ಬೇರಿನಲ್ಲಿ ನಿಂತ ನೀರನ್ನು ಮಾತ್ರ ತಡೆಯುವುದಿಲ್ಲ.

ಪೇಪರ್ ಹೂವಿಗೆ ನಾನು ಹಾಕುವುದು ಕೆಂಪು ಮಣ್ಣು 4 ಪಾಲು, ಜರಡಿ ಹಿಡಿದ ಗರಸು ಅಥವಾ ದಪ್ಪ ಮರಳು 3 ಪಾಲು, ಸುಟ್ಟ ಭತ್ತದ ಹೊಟ್ಟು 2 ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 1 ಪಾಲು. 12 ಇಂಚಿನ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಎಲುಬಿನ ಪುಡಿ. ಹೊಟ್ಟು ದಾವಣಗೆರೆ ಕಡೆಯ ಅಕ್ಕಿ ಗಿರಣಿಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಕಪ್ಪಗೆ ಇದ್ದಿಲಾಗಿರುವ ಹೊಟ್ಟೇ ಬೇಕು. ಪೂರ್ತಿ ಉರಿದು ಬೂದಿಯಾದದ್ದು ಕ್ಷಾರ, ನಮ್ಮ ನೀರಿಗೆ ಅದೂ ಸೇರಿದರೆ ಎಲೆ ಹಳದಿಯಾಗುತ್ತದೆ. ಎಂ-ಸ್ಯಾಂಡ್ ಹಾಕುವುದಾದರೆ ದೂಳನ್ನೆಲ್ಲ ಜರಡಿಯಲ್ಲಿ ಬೀಳಿಸಿ, ಮೇಲುಳಿದ ದಪ್ಪವನ್ನು ಮಾತ್ರ ತೊಳೆದು ಬಳಸಿ. ಇಲ್ಲದಿದ್ದರೆ ಎರಡೇ ತಿಂಗಳಲ್ಲಿ ಗಾರೆಯಂತೆ ಬಿಗಿಯುತ್ತದೆ. ಹೊಲದ ಎರೆಮಣ್ಣು ಒಂದು ಹಿಡಿಯೂ ಬೇಡ.

ಮಿಶ್ರಣ ಸರಿಯಿದೆಯೇ ಎಂದು ನೋಡಲು, ಒಮ್ಮೆ ನೆನೆಸಿದ ಕುಂಡಕ್ಕೆ ಮತ್ತೆ ಒಂದು ಲೀಟರ್ ಸುರಿಯುತ್ತೇನೆ. ಕಾಲು ನಿಮಿಷದೊಳಗೆ ತೂತಿನಿಂದ ನೀರು ಇಳಿಯಬೇಕು. ಮೇಲೆ ಕೆರೆಯಂತೆ ನಿಂತರೆ ಇನ್ನೊಂದು ಪಾಲು ಗರಸು. ಕುಂಡವನ್ನು ನೆಲಕ್ಕೆ ತಾಗಿಸದೆ ಎರಡು ಇಟ್ಟಿಗೆಯ ಮೇಲೆ ಕೂರಿಸಬೇಕು, ತೂತೂ ಮುಚ್ಚುವುದಿಲ್ಲ, ಮಾಳಿಗೆಗೂ ಒದ್ದೆ ಹಿಡಿಯುವುದಿಲ್ಲ.

ನರ್ಸರಿ ಗಿಡಗಳಲ್ಲಿ ಒಂದು ಮೋಸ ಇರುತ್ತದೆ. ದೂರದಿಂದ ಲಾರಿಯಲ್ಲಿ ಬಂದ ಗಿಡಗಳ ಬುಡದಲ್ಲಿ ಅಂಟು ಜೇಡಿಯ ಉಂಡೆ. ಅದನ್ನು ಹಾಗೇ ನಮ್ಮ ಸಡಿಲ ಮಣ್ಣಿಗಿಟ್ಟರೆ, ಉಂಡೆ ಒಣಗಿ ಕುಗ್ಗುತ್ತದೆ, ಹಾಕಿದ ನೀರು ಅದರ ಸುತ್ತ ಹರಿದು ಕೆಳಗೆ ಹೋಗುತ್ತದೆ, ಒಳಗಿನ ಬೇರು ಒಣಗಿಯೇ ಇರುತ್ತದೆ. ದಿನಾ ನೀರು ಹಾಕಿದರೂ ಗಿಡ ಒಣಗಿತು ಎನ್ನುವವರು ಬುಡ ಕಿತ್ತು ನೋಡಿದರೆ ಇದೇ ಕಾಣುತ್ತದೆ. ಹಾಗಂತ ಪೇಪರ್ ಹೂವಿನ ಉಂಡೆಯನ್ನು ಒಡೆಯಲೂಬಾರದು, ಇದರ ಸಣ್ಣ ಬೇರು ಬಹಳ ನಾಜೂಕು. ನಾನು ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಸುತ್ತಲೂ ನಾಲ್ಕು ಕಡೆ ಮೇಲಿಂದ ಕೆಳಕ್ಕೆ ಅರ್ಧ ಇಂಚು ಆಳದ ಗೀರು ಎಳೆದು, ಆ ಗೀರುಗಳಿಗೆ ಹೊಸ ಮಣ್ಣು ಒತ್ತಿ ನೆಡುತ್ತೇನೆ.

ಹೂವಿನ ಲೆಕ್ಕ ಇನ್ನೊಂದು. ಬಣ್ಣದ್ದೆಲ್ಲ ಹೂವಲ್ಲ, ಹೂವಿನ ಸುತ್ತಲ ಎಲೆ. ನಿಜವಾದ ಹೂ ನಡುವಿನ ಬಿಳಿ ಕೊಳವೆ. ಎಲೆಯ ಕಂಕುಳನ್ನು ಹತ್ತಿರದಿಂದ ನೋಡಿದರೆ ಗಿಡದ ಮನಸ್ಸು ತಿಳಿಯುತ್ತದೆ: ಅಲ್ಲಿ ಏಳುವ ಮೊಳಕೆ ಮುಳ್ಳೂ ಆಗಬಹುದು, ಹೂಗೊಂಚಲೂ ಆಗಬಹುದು. ನೀರು, ಸಾರಜನಕ ಧಾರಾಳವಾದರೆ ಮುಳ್ಳು ಮತ್ತು ಉದ್ದುದ್ದ ಬಳ್ಳಿ. ಯೂರಿಯಾ ಹಾಕಿ ಹೂ ಬರಲಿಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಹಗಲು ಕಿರಿದಾಗುತ್ತಾ ಬಂದಂತೆ ಇದಕ್ಕೆ ಹೂವಿನ ಹುರುಪು. ಆದ್ದರಿಂದ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರ ಪ್ರತಿ ರೆಂಬೆಯನ್ನು ಮೂರನೇ ಒಂದು ಭಾಗ ಕತ್ತರಿಸುತ್ತೇನೆ, ಹೂ ಬರುವುದು ಹೊಸ ಚಿಗುರಿನಲ್ಲಿ. ಚಿಗುರು ಒಂದು ಗೇಣಾದಾಗ ತುದಿ ಚಿವುಟುವುದು. ಹಿಂಗಾರು ನಿಂತು ನವೆಂಬರ್ ಬಂದ ಮೇಲೆ ನೀರಿಗೆ ಕಡಿವಾಣ: ಎಲೆ ಸ್ವಲ್ಪ ಜೋಲುವವರೆಗೆ ಕಾದು ಅರ್ಧ ಲೀಟರ್, ಮತ್ತೆ ಜೋಲುವವರೆಗೆ ಕಾಯುವುದು. ಹೀಗೆ ಎರಡು ಮೂರು ವಾರ. ಎಲೆ ಜೋಲಬೇಕೇ ಹೊರತು ಗರಿಗರಿಯಾಗಬಾರದು. ಕಂಕುಳಲ್ಲಿ ಬಣ್ಣದ ಚುಕ್ಕೆ ಕಂಡ ದಿನದಿಂದ ಮಾಮೂಲಿ ನೀರು. ಆಮೇಲೂ ಒಣಗಿಸಿದರೆ ಮೊಗ್ಗು ಉದುರುತ್ತದೆ. 0:52:34 ಗೊಬ್ಬರ (ಸಾರಜನಕವಿಲ್ಲದೆ ರಂಜಕ, ಪೊಟ್ಯಾಷ್ ಮಾತ್ರ ಇರುವುದು) ಲೀಟರಿಗೆ 2 ಗ್ರಾಂ ಕರಗಿಸಿ, 15 ದಿನಕ್ಕೊಮ್ಮೆ ಎರಡು ಬಾರಿ ಬುಡಕ್ಕೆ ಕೊಟ್ಟರೆ ಸಾಕು. ದಿನಕ್ಕೆ ಆರು ಗಂಟೆ ನೇರ ಬಿಸಿಲಿಲ್ಲದ ಜಾಗದಲ್ಲಿ ಇದ್ಯಾವುದನ್ನು ಮಾಡಿಯೂ ಪ್ರಯೋಜನವಿಲ್ಲ.

ಅಡೇನಿಯಂಗೆ ಮಣ್ಣೇ ಬೇಡ ಅಂದರೂ ನಡೆಯುತ್ತದೆ. ಕಡಲೆಕಾಳು ಗಾತ್ರದ ತೊಳೆದ ಇಟ್ಟಿಗೆ ಚೂರು 3 ಪಾಲು, ದಪ್ಪ ಮರಳು 2, ಸುಟ್ಟ ಹೊಟ್ಟು 2, ಎರೆಹುಳು ಗೊಬ್ಬರ 1. ಕುಂಡ ಅಗಲವಾಗಿ, ಆಳ ಕಡಿಮೆ. ಕುಂಡ ಬದಲಾಯಿಸುವುದು ಚಳಿ ಹೋಗಿ ಕಣ್ಣು ಒಡೆಯುವ ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ. ಕಿತ್ತು, ತೊಳೆದು, ಕೆಳಮುಖವಾದ ಬೇರುಗಳನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸಿ, ನೆರಳಿನಲ್ಲಿ 5-6 ದಿನ ತಲೆಕೆಳಗಾಗಿ ತೂಗುಹಾಕುತ್ತೇನೆ. ಗಾಯ ಒಣಗಿ ಚಕ್ಕೆಯಾಗಬೇಕು. ಹಸಿ ಗಾಯಕ್ಕೆ ನೀರು ತಾಗಿದರೆ ಕೊಳೆ ಖಚಿತ. ನೆಡುವಾಗ ಗಡ್ಡೆಯನ್ನು ಹಿಂದಿಗಿಂತ ಒಂದು ಇಂಚು ಮೇಲಕ್ಕೆತ್ತಿ ಕೂರಿಸಿ, ಮೊದಲ ನೀರು ಐದನೇ ದಿನ. ಹೊಸದಾಗಿ ಹೊರಬಂದ ಬೇರಿನ ಸಿಪ್ಪೆ ಎಳೆಯದು, ಏಪ್ರಿಲ್ ಬಿಸಿಲಿಗೆ ಬೆಂದು ಹೋಗುತ್ತದೆ. ಹತ್ತು ದಿನ ನೆರಳುಪರದೆ ಕೆಳಗಿಟ್ಟು ಆಮೇಲೆ ಬಿಸಿಲಿಗೆ. ಕುಂಡದ ಪಡುವಣ ಬದಿಗೆ ಸೀಮೆಸುಣ್ಣದ ಗುರುತು ಹಾಕಿರುತ್ತೇನೆ, ಸರಿಸಿದಾಗ ಬಿಸಿಲಿಗೆ ಪಳಗಿದ ಅದೇ ಮುಖ ಮತ್ತೆ ಪಡುವಣಕ್ಕೆ ಬರಲಿ ಎಂದು. ಇದರ ಹಾಲು ವಿಷ. ಕೈಗವಸು ಹಾಕಿ, ಕತ್ತರಿಸಿದ ಚೂರು ಮಕ್ಕಳು, ದನ-ಆಡಿನ ಬಾಯಿಗೆ ಸಿಗದಂತೆ ನೋಡಿಕೊಳ್ಳಿ.

ಗಡ್ಡೆ ಮೆತ್ತಗಾದ ಕೂಡಲೇ ನೀರು ಹಾಕಬಾರದು, ಮೊದಲು ಒತ್ತಿ ನೋಡಬೇಕು. ಇಡೀ ಗಡ್ಡೆ ಒಂದೇ ಸಮ ಮೆತ್ತಗಿದ್ದು ಮಣ್ಣು ಒಣಗಿದ್ದರೆ ಅದು ಬಾಯಾರಿಕೆ, ನೀರು ಕೊಟ್ಟ ಕೆಲವೇ ದಿನಕ್ಕೆ ಗಟ್ಟಿಯಾಗುತ್ತದೆ. ಒಂದೇ ಕಡೆ ಬೆರಳು ಇಳಿದು, ಕಂದು ನೀರು, ನಾತ ಬಂದರೆ ಕೊಳೆ. ಬಿಳಿ ತಿರುಳು ಕಾಣುವವರೆಗೆ ಕೆತ್ತಿ, ಕಾರ್ಬೆಂಡಜಿಮ್-ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಪುಡಿ ಸವರಿ, ವಾರ ಒಣಗಿಸಬೇಕು. ಒಂದು ಎಳೆ ಕಂದು ಉಳಿದರೂ ಕೊಳೆ ಮತ್ತೆ ಶುರು. ಡಿಸೆಂಬರ್‌ನಲ್ಲಿ ಎಲೆ ಉದುರಿಸಿ ಬೋಳಾದರೆ ಗಾಬರಿ ಬೇಡ, ನಿದ್ದೆಗೆ ಹೋಗಿದೆ. ಆಗ 15 ದಿನಕ್ಕೊಮ್ಮೆ ಒಂದು ಲೋಟ ನೀರು ಸಾಕು.

ಆಷಾಢದ ಗಾಳಿಯ ವಿಷಯ ಹೊರಗಿನವರಿಗೆ ಹೇಳಬೇಕು. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಊರು ಇದು. ಎತ್ತರದ ಗಿಡವನ್ನು ಕಟ್ಟೆಗೋಡೆಯ ಮರೆಗೆ ಸರಿಸಿ, ಕುಂಡಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸುತ್ತೇನೆ. ಕ್ರೋಟನ್‌ಗಳಿಗೆ ಪಡುವಣ ಗಾಳಿಗೆ ಮರೆಯಾಗುವ, ಗೋಡೆಯ ಮೂಡಣ ಬದಿಯೇ ಸರಿ, ಬಿಸಿಲಿಗಿಂತ ಗಾಳಿ ಅವುಗಳ ಅಂಚನ್ನು ಹೆಚ್ಚು ಸುಡುತ್ತದೆ.

ಬಿಳಿ ಹಿಟ್ಟು ತಿಗಣೆಗೆ ಬೇವಿನ ಎಣ್ಣೆ 5 ಮಿ.ಲೀ., ಪಾತ್ರೆ ತೊಳೆಯುವ ಸೋಪುನೀರು 1 ಮಿ.ಲೀ., ಲೀಟರ್ ನೀರಿಗೆ. ಸಂಜೆ, ಎಲೆಯ ಅಡಿಗೆ. ಮಾರ್ಚ್‌ನಲ್ಲಿ ನುಸಿ ಬಂದರೆ ನೀರಿನಲ್ಲಿ ಬೆರೆಯುವ ಗಂಧಕ ಲೀಟರಿಗೆ 2 ಗ್ರಾಂ. ಬೇವಿನ ಎಣ್ಣೆ ಹೊಡೆದ ಮೂರು ವಾರದೊಳಗೆ ಗಂಧಕ ಬೇಡ, 35 ಡಿಗ್ರಿ ದಾಟಿದ ಬಿಸಿಲಲ್ಲಂತೂ ಬೇಡವೇ ಬೇಡ, ಎಲೆ ಸುಡುತ್ತದೆ.

ಇನ್ನು ಆ ಸುಣ್ಣ. ತಿಂಗಳಿಗೊಮ್ಮೆ ಕುಂಡದ ಗಾತ್ರದ ಎರಡರಷ್ಟು ನೀರನ್ನು ನಿಧಾನವಾಗಿ ಸುರಿದು ಉಪ್ಪನ್ನು ತೊಳೆದು ಇಳಿಸುತ್ತೇನೆ, ಮಳೆ ನೀರಿದ್ದರೆ ಅದರಲ್ಲೇ. ಆರ್‌ಒ ಯಂತ್ರದ ಹೊರನೀರು ಉಳಿತಾಯವೆಂದು ಗಿಡಕ್ಕೆ ಹಾಕಬೇಡಿ, ಉಪ್ಪೆಲ್ಲ ಗಟ್ಟಿಯಾಗಿರುವುದು ಅದರಲ್ಲೇ. ನೂರು ಚದರಡಿ ಮಾಳಿಗೆಗೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 90 ಲೀಟರ್ ನೀರು, ಇನ್ನೂರು ಲೀಟರಿನ ಡ್ರಮ್ಮಿಗೆ ಎರಡು ಹದ ಮಳೆ ಸಾಕು. ಆ ನೀರನ್ನು ನಾನು ಇಟ್ಟುಕೊಳ್ಳುವುದು ಎರಡು ಇಕ್ಸೋರಾ (ಕೇಪಳ) ಗಿಡಕ್ಕೆ. ಬೋರ್ ನೀರಿಗೆ ಅವುಗಳ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದೂ ಬೇರಿಗೆ ದಕ್ಕದ ಲಕ್ಷಣ ಅದು. ಡ್ರಮ್ ಖಾಲಿಯಾದ ಬೇಸಿಗೆಯಲ್ಲಿ ಹತ್ತು ಲೀಟರ್ ಬೋರ್ ನೀರಿಗೆ 2-3 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿ ಹಾಕುತ್ತೇನೆ, ಹಳದಿ ಕಂಡರೆ ಫೆರಸ್ ಸಲ್ಫೇಟ್ ಲೀಟರಿಗೆ 2 ಗ್ರಾಂ, ಜೊತೆಗೆ ಅರ್ಧ ಹೋಳು ನಿಂಬೆರಸ, ಸಂಜೆ ಎಲೆಗೆ ಸಿಂಪಡಣೆ. ಹಳೆಯ ಎಲೆ ಮತ್ತೆ ಹಸಿರಾಗುವುದನ್ನು ಕಾಯಬೇಡಿ, ಹೊಸ ಚಿಗುರು ನೋಡಿ.